ಮೋಡಗಲ್ಲಿಗೆ ಹೊರಟ ನೀರುನಾಯಿ

ಕಾಡಿನ ತಗ್ಗಿನಲ್ಲಿ ಕರಿಮಡು ಎಂಬ ಮಡುವಿತ್ತು. ಮಡುವಿನ ಒಂದು ಬದಿಯಿಂದ ಹೊಳೆ ಹೊರಟು ಕಡಲಿನ ಕಡೆಗೆ ಇಳಿಯುತ್ತಿತ್ತು. ಇನ್ನೊಂದು ಬದಿಯಿಂದ ಕಾಲುದಾರಿ ಹೊರಟು ಬೆಟ್ಟದ ಕಡೆಗೆ ಏರುತ್ತಿತ್ತು. ಇಳಿಯುವವರು ಯಾರನ್ನೂ ಕೇಳಬೇಕಿರಲಿಲ್ಲ. ಏರುವವರು ಮಾತ್ರ ಮೋಟವ್ವನನ್ನು ಕೇಳಬೇಕಿತ್ತು.

ಮೋಟವ್ವ ಎಂದರೆ ವಯಸ್ಸಾದ ಒಂದು ಬೆಟ್ಟದ ಮೇಕೆ. ಎಡಗೊಂಬು ಅರ್ಧಕ್ಕೇ ಮುರಿದಿದ್ದರಿಂದ ಆ ಹೆಸರು. ಮುರಿದದ್ದು ಹೇಗೆ ಎಂದು ಯಾರಾದರೂ ಕೇಳಿದರೆ, "ಬೆಟ್ಟ ಸುಂಕ ತೆಗೆದುಕೊಂಡಿತು" ಎಂದಷ್ಟೇ ಹೇಳಿ ಮೆಲುಕು ಹಾಕುವುದನ್ನು ಮುಂದುವರಿಸುತ್ತಿದ್ದಳು.

ಎಂಟು ವರ್ಷಗಳಿಂದ ಅವಳು ಕಾಡಿನವರನ್ನು ಬೆಟ್ಟ ಹತ್ತಿಸುತ್ತಿದ್ದಳು. ಹತ್ತಿಸಿ ಹತ್ತಿಸಿ ಬೇಸತ್ತಿದ್ದಳು. ಬೇಸರ ಬೆಟ್ಟದ ಮೇಲಲ್ಲ ಮಕ್ಕಳೇ. ಬೆಟ್ಟ ಪಾಪ, ಇದ್ದಲ್ಲೇ ಇರುತ್ತದೆ, ಯಾರಿಗೂ ಬಾ ಎನ್ನುವುದಿಲ್ಲ. ಬೇಸರವೆಲ್ಲ ಹತ್ತುವವರ ಮೇಲೆ. ಒಂದು ವರ್ಷ ಬಂದ ನವಿಲು, ಬೇಡ ಬೇಡ ಎಂದರೂ ಗಾಳಿ ಬೀಸುವ ಬೆಟ್ಟದ ನೆತ್ತಿಯಲ್ಲಿ ಗರಿ ಬಿಚ್ಚಿ ನಿಂತು, ಮೂರು ಮಾರು ದೂರದ ಮುಳ್ಳುಕಂಟಿಗೆ ಹೋಗಿ ಬಿದ್ದಿತ್ತು. ಇನ್ನೊಂದು ವರ್ಷದ ಕಾಡುಹಂದಿ ಮೂರು ದಿನಕ್ಕೆಂದು ತಂದ ಗೆಡ್ಡೆಯನ್ನು ಮೊದಲನೆಯ ಮರದ ನೆರಳಿನಲ್ಲೇ ತಿಂದು ಮುಗಿಸಿ, "ಮುಂದೆ ಊಟಕ್ಕೆ ಏನು?" ಎಂದು ಕೇಳಿತ್ತು. ನರಿಗಂತೂ ಏರು ಕಂಡಾಗಲೆಲ್ಲ ಹೊಟ್ಟೆನೋವು, ಇಳಿಜಾರು ಕಂಡ ಕೂಡಲೇ ವಾಸಿ.

ಇಂಥವರಿಂದ ಬುದ್ಧಿ ಕಲಿತ ಮೋಟವ್ವ ಒಂದು ರೂಢಿ ಇಟ್ಟುಕೊಂಡಿದ್ದಳು. ಯಾರೇ ಬಂದರೂ ಮೂರು ಪ್ರಶ್ನೆ ಕೇಳುತ್ತಿದ್ದಳು.

"ಎಷ್ಟು ದೂರ ಹೋಗಿದ್ದೀಯ? ಹೋದದ್ದು ಏರೋ, ಇಳಿಜಾರೋ? ಮರುದಿನ ಎದ್ದು ಮತ್ತೆ ನಡೆದೆಯೋ, ಇಲ್ಲವೋ?"

ಮೊದಲನೆಯ ಪ್ರಶ್ನೆಗೆ ಎಲ್ಲರೂ ಎದೆಯುಬ್ಬಿಸಿ ಉತ್ತರ ಕೊಡುತ್ತಿದ್ದರು. ಎರಡನೆಯದಕ್ಕೆ ಕೆಲವರು ತಡವರಿಸುತ್ತಿದ್ದರು. ಮೂರನೆಯದಕ್ಕೆ ಬರುವ ಹೊತ್ತಿಗೆ ಅರ್ಧಕ್ಕರ್ಧ ಜನ, "ನಮಗೆ ಹಳ್ಳದ ನಡಿಗೆಯೇ ಸಾಕು ಮೋಟವ್ವ" ಎನ್ನುತ್ತಿದ್ದರು. ಹಳ್ಳದ ನಡಿಗೆ ಎಂದರೆ ಜೊಂಡಿನ ಹಳ್ಳದವರೆಗೆ, ಒಂದೇ ಹಗಲಿನ ದಾರಿ. ಅದರಾಚೆ ಕತ್ತೆಬೆನ್ನು ಎಂಬ ಬೋಳು ಏಣು, ಬೆಟ್ಟದ ಚೂಪು ಬೆನ್ನು. ಏಣಿನ ತುದಿಗೆ ಮೋಡಗಲ್ಲು. ಅಲ್ಲಿಗೆ ತಲುಪುವುದಕ್ಕೆ ಇಡೀ ಎರಡು ದಿನ.

"ಮೊದಲ ದಿನ ಎಲ್ಲರೂ ನಡೆಯುತ್ತಾರೆ" ಎನ್ನುತ್ತಿದ್ದಳು ಮೋಟವ್ವ. "ಹುರುಪು ನಡೆಸುತ್ತದೆ. ಎರಡನೆಯ ದಿನ ನಡೆಸುವುದು ಕಾಲು ಮಾತ್ರ."

ಆ ವರ್ಷ ಬೆಟ್ಟಕ್ಕೆ ಜನವೋ ಜನ. ಯಾಕೆಂದರೆ ಮೋಡಗಲ್ಲಿನ ಆಚೆ ಇಳಿಜಾರಿನಲ್ಲಿ ಗುರಿಗೆ ಹೂ ಬಿಟ್ಟಿತ್ತು. ಗುರಿಗೆ ಹನ್ನೆರಡು ವರ್ಷಕ್ಕೊಮ್ಮೆ ಬಿಡುವ ಹೂವು. ಬಿಟ್ಟಿತೆಂದರೆ ಹುಲ್ಲು ಕಾಣದು, ಕಲ್ಲು ಕಾಣದು, ಇಡೀ ಇಳಿಜಾರಿಗೆ ನೀಲಿ ಕಂಬಳಿ ಹೊದಿಸಿದ ಹಾಗೆ. ಹಿಂಗಾರಿನ ಮೊದಲ ಮಳೆ ಬಿದ್ದ ದಿನ ಎಲ್ಲವೂ ಕೊಳೆತು ನೆಲ ಸೇರುತ್ತದೆ.

ಅದನ್ನು ನೋಡಲೇಬೇಕು ಎಂದು ಕೂತವಳು ಗುಂಡಕ್ಕ.

ಗುಂಡಕ್ಕ ಮೊಲ. ಹೆಸರಿಗೆ ತಕ್ಕ ಮೈ. ಗುರಿಗೆಯ ವಿಷಯ ಅವಳಿಗೆ ಅವಳ ಅಜ್ಜಿ ಹೇಳಿದ್ದಳು. ಅಜ್ಜಿಗೆ ಅವಳ ಅಜ್ಜಿ ಹೇಳಿದ್ದಳು. ಅವರಲ್ಲಿ ಯಾರೊಬ್ಬರೂ ನೋಡಿರಲಿಲ್ಲ. ಮೊಲದ ಆಯಸ್ಸಿನಲ್ಲಿ ಗುರಿಗೆ ಬಿಡುವುದು ಒಂದೇ ಸಲ, ಅದೂ ಅದೃಷ್ಟವಿದ್ದರೆ. ಇನ್ನೊಂದು ಹನ್ನೆರಡು ವರ್ಷ ಕಾಯುವ ಮೊಲ ಇನ್ನೂ ಹುಟ್ಟಿಲ್ಲ.

ಮುತ್ತುಗ ಹೂ ಬಿಡುವ ಕಾಲದಲ್ಲೇ ಅವಳು ಮೋಟವ್ವನ ಹತ್ತಿರ ಬಂದಿದ್ದಳು. ಬಂದು ಮುಟ್ಟುವಷ್ಟರಲ್ಲೇ ಏದುಸಿರು.

"ಎಷ್ಟು ದೂರ ಹೋಗಿದ್ದೀಯ?" ಮೋಟವ್ವ ಕೇಳಿದಳು.

"ಇಲ್ಲಿಗೆ," ಎಂದಳು ಗುಂಡಕ್ಕ.

ಮೋಟವ್ವನಿಗೆ ಆ ಉತ್ತರ ಹಿಡಿಸಿತು. ಎಂಟು ವರ್ಷದಲ್ಲಿ ಒಬ್ಬರಾದರೂ ನಿಜ ಹೇಳಿದರಲ್ಲ! "ನಾಳೆಯಿಂದ ಹುತ್ತದ ದಿಬ್ಬ ಹತ್ತು," ಎಂದಳು. "ಪೂರ್ತಿ ಬೇಡ, ಅರ್ಧ ಹತ್ತು. ಮರುದಿನ ಮತ್ತೆ ಹತ್ತು. ಮಳೆಗಾಲ ಕಳೆದ ಮೇಲೆ ಮಾತಾಡೋಣ."

ಗುಂಡಕ್ಕ ಹತ್ತಿದಳು. ಮೊದಲ ದಿನ ಅರ್ಧಕ್ಕೇ ಕಣ್ಣು ಕತ್ತಲೆ ಬಂದು ಕೂತಳು. ನೆಂಟರೆಲ್ಲ, "ನಿನಗ್ಯಾಕಮ್ಮ ಈ ವಯಸ್ಸಲ್ಲಿ ಇದೆಲ್ಲ?" ಎಂದರು. ಅವಳು ಉತ್ತರ ಕೊಡಲಿಲ್ಲ. ಕೊಡಲು ಉಸಿರೂ ಇರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ದಿಬ್ಬದ ತಲೆ ಮುಟ್ಟಿದಳು. ಮಳೆಗಾಲವೆಲ್ಲ ಜಾರುತ್ತ, ಬೀಳುತ್ತ ದಿನಕ್ಕೆ ಎರಡು ಸಲ ಹತ್ತಿ ಇಳಿದಳು. ಮಳೆ ನಿಂತಾಗ ಮೋಟವ್ವ ಅವಳನ್ನು ಹಳ್ಳದವರೆಗೆ ಒಮ್ಮೆ ಕರೆದುಕೊಂಡು ಹೋಗಿ, ಮರುದಿನ ಬೆಳಗ್ಗೆ ಅವಳ ಬಿಲದ ಮುಂದೆ ನಿಂತು, "ಏಳು, ಇನ್ನೊಮ್ಮೆ ಹೋಗೋಣ" ಎಂದಳು. ಗುಂಡಕ್ಕ ಗೊಣಗಿದಳು, ಆದರೆ ಎದ್ದಳು. ಅಷ್ಟು ಸಾಕಾಗಿತ್ತು.

ಹೊರಡುವ ಹಿಂದಿನ ಮಧ್ಯಾಹ್ನ. ಮೋಟವ್ವ ಮತ್ತಿಮರದ ನೆರಳಿನಲ್ಲಿ ಮಂಡಿ ಮಡಚಿ ಕಣ್ಣು ಮುಚ್ಚಿದ್ದಳು. ಹೂ ಬಿಟ್ಟ ಆ ಹದಿನೈದು ದಿನದಲ್ಲಿ ಆಗಲೇ ಎರಡು ಸಲ ಮೋಡಗಲ್ಲಿಗೆ ಹೋಗಿ ಬಂದಿದ್ದಳು. ಹನ್ನೊಂದು ಮಂದಿಗೆ "ಬೇಡ" ಎಂದಿದ್ದಳು. ಅವರಲ್ಲಿ ಏಳು ಮಂದಿ ಜಗಳಕ್ಕೆ ನಿಂತಿದ್ದರು. ಒಂದು ಮುಳ್ಳುಹಂದಿ ಅತ್ತುಬಿಟ್ಟಿತ್ತು. ಮುಳ್ಳುಹಂದಿ ಅತ್ತರೆ ತಬ್ಬಿಕೊಂಡು ಸಮಾಧಾನ ಮಾಡುವ ಹಾಗೂ ಇಲ್ಲ.

ಮಡುವಿನಿಂದ ಚಳಕ್ಕನೆ ಒಂದು ತಲೆ ಎದ್ದಿತು. ಅದು ನೀರುನಾಯಿ ಸುಳಿಯಣ್ಣ.

ಸುಳಿಯಣ್ಣ ಕೆಟ್ಟವನಲ್ಲ. ಮೈಯಲ್ಲಿ ಕಸುವಿತ್ತು, ಮನಸ್ಸಿನಲ್ಲಿ ಪ್ರೀತಿಯಿತ್ತು, ಬಾಯಲ್ಲಿ ಮಾತ್ರ ಎರಡೂ ಅಳತೆಗಿಂತ ಹೆಚ್ಚಾಗಿ ಹೊರಬರುತ್ತಿದ್ದವು.

"ಮೋಟವ್ವಾ, ನಾಳೆ ನಾನೂ ಬರ್ತೀನಿ."

"ಎಲ್ಲಿಗೆ?"

"ಎಲ್ಲಿಗೆ ಅಂದರೆ? ಮೋಡಗಲ್ಲಿಗೆ!"

ಮೋಟವ್ವ ಒಂದು ಕಣ್ಣು ತೆರೆದಳು. "ಸುಳಿಯಣ್ಣ, ಮೊದಲ ಸಲ ಬರುವವರು ಜೊಂಡಿನ ಹಳ್ಳದವರೆಗೆ ಬರುತ್ತಾರೆ. ಒಳ್ಳೆಯ ಗುಂಡಿ ಇದೆ, ಏಡಿ ಇದೆ, ನೆರಳಿದೆ. ಉಂಡು, ಈಜಿ, ಸುಖವಾಗಿ ವಾಪಸು ಬರಬಹುದು. ನಿನಗೆ ಹೇಳಿ ಮಾಡಿಸಿದ ಜಾಗ."

"ಅದು ಮರಿಗಳು ಹೋಗೋ ಜಾಗ. ಅಲ್ಲದೆ ನಿನ್ನೆ ಕಪ್ಪೆಗಳ ಮುಂದೆ ಮೋಡಗಲ್ಲು ಅಂತ ಹೇಳಿ ಆಗಿದೆ."

ಕಪ್ಪೆಗಳ ಮುಂದೆ ಒಮ್ಮೆ ಹೇಳಿದರೆ ಕಾಡಿಗೆ ನೂರು ಸಲ ಹೇಳಿದಂತೆ. ಮೋಟವ್ವ ಆಕಳಿಸಿದಳು.

"ಈವರೆಗೆ ಎಷ್ಟು ದೂರ ಹೋಗಿದ್ದೀಯ?"

"ಇಲ್ಲಿಂದ ಕಡಲಿನ ಅಳಿವೆವರೆಗೆ. ಹತ್ತು ಹರದಾರಿ. ಒಂದೇ ಹಗಲಲ್ಲಿ! ಬೆಳಗ್ಗೆ ಇಲ್ಲಿ ಮುಳುಗಿದವನು, ಸೂರ್ಯ ಮುಳುಗುವ ಮುಂಚೆ ಉಪ್ಪುನೀರು ಕುಡಿದೆ. ಬೇಕಿದ್ದರೆ ಮಿಂಚುಳ್ಳಿಯನ್ನ ಕೇಳು."

ಅದು ಸುಳ್ಳಾಗಿರಲಿಲ್ಲ. ಮಿಂಚುಳ್ಳಿಯೂ ಅದನ್ನೇ ಹೇಳುತ್ತಿತ್ತು. ಹತ್ತು ಹರದಾರಿ ಎಂದರೆ ಮೋಡಗಲ್ಲಿಗೆ ಹೋಗಿ ಬಂದರೂ ಮಿಗುವಷ್ಟು ದೂರ.

ಈಗ ಮೋಟವ್ವ ಎರಡನೆಯ ಪ್ರಶ್ನೆ ಕೇಳಬೇಕಿತ್ತು. ಬಾಯಿ ತೆರೆದದ್ದೂ ಹೌದು. ಆದರೆ ಕೇಳಿದರೆ ಅವನು ಏನೋ ಹೇಳುತ್ತಾನೆ, ತಾನು ಬೇಡ ಎನ್ನಬೇಕಾಗುತ್ತದೆ, ಅವನು ವಾದಕ್ಕಿಳಿಯುತ್ತಾನೆ, ಕಪ್ಪೆಗಳು ಸೇರುತ್ತವೆ, ಸಂಜೆಯಾಗುತ್ತದೆ. ಬೇಡ ಎನ್ನುವುದೂ ಒಂದು ಏರೇ ಮಕ್ಕಳೇ. ಆ ಮಧ್ಯಾಹ್ನ ಅದನ್ನು ಹತ್ತಲು ಮೋಟವ್ವನ ಮಂಡಿಯಲ್ಲಿ ಶಕ್ತಿ ಇರಲಿಲ್ಲ.

"ಬೆಳಕು ಹರಿಯುವ ಮುಂಚೆ ಬಾ," ಎಂದು ಕಣ್ಣು ಮುಚ್ಚಿದಳು.

ಮರುದಿನ ಮೂವರೂ ಹೊರಟರು. ಸುಳಿಯಣ್ಣ ಎಲ್ಲರಿಗಿಂತ ಮುಂದೆ. ದಾರಿ ಯಾವ ಕಡೆಗೆ ಎಂದು ಗೊತ್ತಿಲ್ಲದಿದ್ದರೂ ಅವನೇ ಮುಂದೆ. ತಿರುವಿನಲ್ಲಿ ನಿಂತು ಹಿಂದೆ ತಿರುಗಿ ನೋಡುವನು, ನಗುವನು, ಮತ್ತೆ ಓಡುವನು.

"ಮೆಲ್ಲಗೆ," ಎಂದಳು ಮೋಟವ್ವ.

"ಇದೇನಾ ನಿಮ್ಮ ಬೆಟ್ಟ? ಇಷ್ಟಕ್ಕೇ ಜನ ಇಷ್ಟು ಹೆದರೋದಾ? ಗುಂಡಕ್ಕಾ, ನೀನು ನಡೆದುಕೊಂಡು ಬರ್ತಿದ್ದೀಯೋ, ಉರುಳಿಕೊಂಡು ಬರ್ತಿದ್ದೀಯೋ?"

"ಉರುಳೋದು ಇಳಿಯುವಾಗ, ಅಣ್ಣಾ," ಎಂದಳು ಗುಂಡಕ್ಕ. "ಅದಕ್ಕೇ ಅದನ್ನ ಈಗಲೇ ಖರ್ಚು ಮಾಡ್ತಿಲ್ಲ."

ಸುಳಿಯಣ್ಣ ಬಿದ್ದು ಬಿದ್ದು ನಕ್ಕ. ಮೋಟವ್ವನಿಗೂ ನಗು ಬಂತು. ಆದರೆ ನಗುವ ನೀರುನಾಯಿಯ ಪಕ್ಕೆ ಎಷ್ಟು ಬೇಗ ಬೇಗ ಏರಿ ಇಳಿಯುತ್ತಿದೆ ಎಂಬುದನ್ನೂ ಅವಳು ನೋಡಿದಳು. ನೋಡಿ, ನೋಡದ ಹಾಗೆ ನಡೆದಳು.

ಬಿಸಿಲೇರಿತು. ಮುಂದಿದ್ದ ಸುಳಿಯಣ್ಣ ಜತೆಗೆ ಬಂದ. ಜತೆಗಿದ್ದವನು ಹಿಂದಾದ. ಹಿಂದಾದವನು ಪ್ರತಿಯೊಂದು ಮರದ ಬುಡದಲ್ಲೂ ನಿಂತು, "ಆಹಾ, ಇಲ್ಲಿಂದ ಎಂಥ ನೋಟ!" ಎನ್ನತೊಡಗಿದ. ನೋಟವೇನೂ ಇರಲಿಲ್ಲ. ಎದುರಿಗೆ ಬಿದಿರುಮೆಳೆ ಇತ್ತು.

ಇಳಿಹೊತ್ತಿಗೆ ಜೊಂಡಿನ ಹಳ್ಳ ಬಂತು. ಪಕ್ಕದ ಬೆಟ್ಟದಲ್ಲೆಲ್ಲೋ ಮಳೆಯಾಗಿ ಹಳ್ಳ ತುಂಬಿ ಹರಿಯುತ್ತಿತ್ತು. ಮೋಟವ್ವ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದಳು. ಗುಂಡಕ್ಕ ದಡದಲ್ಲೇ ನಿಂತಳು. ಹಿಂದೆ ಎರಡು ಸಲ ಬಂದಾಗ ನೀರು ಇಷ್ಟಿರಲಿಲ್ಲ.

"ಬಾ ಗುಂಡಕ್ಕ, ನನ್ನ ಬೆನ್ನು ಹತ್ತು," ಎಂದ ಸುಳಿಯಣ್ಣ.

"ಮುಳುಗಿಸಿಬಿಟ್ಟೀಯ!"

"ನೀರಲ್ಲಿ ನನ್ನ ಮಾತು ಯಾವತ್ತೂ ತಪ್ಪೋದಿಲ್ಲ, ಬಾ."

ತಪ್ಪಲಿಲ್ಲ. ಸೆಳೆತಕ್ಕೆ ಓರೆಯಾಗಿ, ಬಾಲವನ್ನೇ ಚುಕ್ಕಾಣಿ ಮಾಡಿಕೊಂಡು, ಗುಂಡಕ್ಕನ ಒಂದು ಕೂದಲೂ ನೆನೆಯದ ಹಾಗೆ ಅವಳನ್ನು ಆಚೆ ದಡಕ್ಕೆ ಮುಟ್ಟಿಸಿದ. ಅಷ್ಟು ಚೆಂದದ ಈಜನ್ನು ಮೋಟವ್ವ ತನ್ನ ಜನ್ಮದಲ್ಲಿ ನೋಡಿರಲಿಲ್ಲ. ಬೆಳಗಿನಿಂದ ಏದುಸಿರು ಬಿಡುತ್ತಿದ್ದ ಪ್ರಾಣಿ ಇದೇನಾ ಎನ್ನಿಸಿತು.

ಅಲ್ಲಿಯೇ ತಂಗುವುದು ರೂಢಿ. ಸುಳಿಯಣ್ಣ ಗುಂಡಿಗೆ ಇಳಿದವನು ಮೇಲೆ ಬರಲೇ ಇಲ್ಲ. ಮೋಟವ್ವ ದಡಕ್ಕೆ ಬಂದು ನಿಂತಳು.

"ಕಾಲು ತೋರಿಸು."

"ಕಾಲಿಗೇನಾಗಿದೆ? ಚೆನ್ನಾಗೇ ಇದೆ."

"ತೋರಿಸು ಅಂದೆ."

ಅವನು ಒಂದು ಕಾಲನ್ನು ನೀರಿನಿಂದ ಎತ್ತಿದ. ಬೆರಳುಗಳ ನಡುವಿನ ತೆಳು ಚರ್ಮ, ನೀರನ್ನು ತಳ್ಳುವುದಕ್ಕೆಂದೇ ಇರುವ ಚರ್ಮ, ಕಲ್ಲಿಗೆ ಉಜ್ಜಿ ಉಜ್ಜಿ ಕೆಂಪು ಗೆರೆಯಾಗಿ ಬಿರಿದಿತ್ತು.

"ಸುಳಿಯಣ್ಣ, ಇಲ್ಲೇ ಇದ್ದುಬಿಡು," ಎಂದಳು ಮೋಟವ್ವ. "ಇಲ್ಲಿ ನೀರಿದೆ. ನೀರಿನಲ್ಲಿ ನಿನ್ನನ್ನು ಯಾರೂ ಮುಟ್ಟುವ ಹಾಗಿಲ್ಲ. ನಾಡಿದ್ದು ಇಳಿಯುವಾಗ ಕರೆದುಕೊಂಡು ಹೋಗುತ್ತೇವೆ. ನಾಳೆ ಕತ್ತೆಬೆನ್ನಿನ ಮೇಲೆ ಒಂದು ಹನಿ ನೀರಿಲ್ಲ, ಒಂದು ಗಿಡದ ನೆರಳಿಲ್ಲ. ಮೇಲಾಗಿ ಚಿರತೆಯ ಓಡಾಟ. ಅಲ್ಲಿ ಯಾರನ್ನೂ ಒಂಟಿಯಾಗಿ ಬಿಡುವ ಹಾಗಿಲ್ಲ. ಕೂಡಿ ಹತ್ತಿದವರು ಕೂಡಿಯೇ ಇಳಿಯಬೇಕು. ಒಬ್ಬರಿಗೆ ಆಗದಿದ್ದರೆ ಎಲ್ಲರೂ ವಾಪಸು."

ಜೊಂಡಿನ ಮಗ್ಗುಲಲ್ಲಿ ಹುಲ್ಲು ಮೇಯುತ್ತಿದ್ದ ಗುಂಡಕ್ಕನ ಬಾಯಿ ನಿಂತಿತು.

"ಎಲ್ಲರೂ ಅಂದರೆ ನಾನೂನಾ?"

"ನೀನೂ."

ಗುಂಡಕ್ಕ ನೀರಿನ ಅಂಚಿಗೆ ಬಂದಳು. "ಸುಳಿಯಣ್ಣ, ಕೈ ಮುಗೀತೀನಿ. ಆಗುತ್ತೆ ಅಂದರೆ ಬಾ. ಆಗಲ್ಲ ಅಂದರೆ ಈಗಲೇ ಹೇಳು. ನನಗೆ ಇನ್ನೊಂದು ಸಲ ಇಲ್ಲ."

ಸುಳಿಯಣ್ಣನ ಕಣ್ಣ ಮುಂದೆ ಮಡು ಬಂತು, ಮಡುವಿನ ದಡದಲ್ಲಿ ಸಾಲಾಗಿ ಕೂತ ಕಪ್ಪೆಗಳು ಬಂದವು. "ಮರಿಗಳ ಜಾಗದಲ್ಲೇ ನಿಂತುಬಿಟ್ಟೆಯಂತೆ!" ಎನ್ನುವ ಅವುಗಳ ವಟಗುಟ್ಟುವಿಕೆ ಕಿವಿಯಲ್ಲಿ ಕೇಳಿಸಿತು.

"ಆಗುತ್ತೆ," ಎಂದ. "ರಾತ್ರಿಯೆಲ್ಲ ನೀರಲ್ಲಿದ್ದರೆ ಕಾಲು ಸರಿ ಹೋಗುತ್ತೆ. ನಿನ್ನ ಹೂವು ನಿನಗೆ ಸಿಗುತ್ತೆ ಗುಂಡಕ್ಕ. ನನ್ನ ಮಾತು."

ನೀರಲ್ಲಿ ನಿಂತು ಕೊಟ್ಟ ಮಾತು. ನಾಳೆ ನಡೆಯಬೇಕಾದದ್ದು ಕಲ್ಲಿನ ಮೇಲೆ.

ಮೋಟವ್ವನ ಬಾಯಲ್ಲಿ ಇನ್ನೊಂದು "ಬೇಡ" ಇತ್ತು. ಗಟ್ಟಿಯಾಗಿ ಹೇಳಿದ್ದರೆ ಅವನು ಜಗಳವಾಡುತ್ತಿದ್ದ, ಸಿಟ್ಟಾಗುತ್ತಿದ್ದ, ಕೊನೆಗೆ ಉಳಿಯುತ್ತಿದ್ದ. ಆದರೆ ಕಾಲು ಸೋತಿತ್ತು, ಕಣ್ಣು ಎಳೆಯುತ್ತಿತ್ತು, ಅವನೇ ಆಗುತ್ತೆ ಎನ್ನುತ್ತಿದ್ದಾನೆ. ಮೆಲುಕು ಹಾಕುವವರಿಗೆ ನುಂಗುವುದು ಕಷ್ಟವಲ್ಲ. ಅವಳು ನುಂಗಿದಳು.

"ಸರಿ ಮಾರಾಯ," ಎಂದಳು.

ಎರಡನೆಯ ದಿನ ಬೆಳಗ್ಗೆ ಗುಂಡಕ್ಕ ಎಲ್ಲರಿಗಿಂತ ಮೊದಲು ಎದ್ದು ಕಿವಿ ನಿಮಿರಿಸಿ ಕೂತಿದ್ದಳು. ಸುಳಿಯಣ್ಣನನ್ನು ಎಬ್ಬಿಸಲು ಮೂರು ಸಲ ಕೂಗಬೇಕಾಯಿತು. ಎದ್ದವನು ಮೊದಲ ಹೆಜ್ಜೆಗೇ ಹಲ್ಲು ಕಚ್ಚಿದ. ಈಗ ಅವನು ಹಾಸ್ಯ ಮಾಡುತ್ತಿರಲಿಲ್ಲ.

ಕತ್ತೆಬೆನ್ನು ಶುರುವಾಯಿತು. ಎರಡೂ ಕಡೆ ಕಮರಿ, ನಡುವೆ ಕತ್ತರಿಸಿಟ್ಟ ಹಾಗೆ ಚೂಪು ಕಲ್ಲಿನ ದಾರಿ. ಗುಂಡಕ್ಕ ಒಂದೇ ಹದದಲ್ಲಿ ನಡೆಯುತ್ತಿದ್ದಳು. ಬೇಗವೂ ಇಲ್ಲ, ನಿಧಾನವೂ ಇಲ್ಲ. ಹುತ್ತದ ದಿಬ್ಬದಲ್ಲಿ ಬಿದ್ದು ಎದ್ದು ಕಲಿತ ಹದ ಅದು. ಮೋಟವ್ವ ಹಿಂದೆ ನೋಡಿದಾಗಲೆಲ್ಲ ಸುಳಿಯಣ್ಣ ಇನ್ನಷ್ಟು ಚಿಕ್ಕವನಾಗಿ ಕಾಣುತ್ತಿದ್ದ. ಮೈ ಒಣಗಿ ತುಪ್ಪಳ ಜಡೆಗಟ್ಟಿತ್ತು. ಅವನು ಹೆಜ್ಜೆಯಿಟ್ಟ ಕಲ್ಲಿನ ಮೇಲೆಲ್ಲ ಸಣ್ಣ ಕೆಂಪು ಚುಕ್ಕೆ.

ಸೂರ್ಯ ನೆತ್ತಿಗೆ ಬರುವ ಮುಂಚೆಯೇ ಅವನು ಕೂತ. ಒಂದು ಬಂಡೆಗೆ ಒರಗಿ, ಕಾಲನ್ನು ಮುಂದೆ ಚಾಚಿ ಕೂತೇಬಿಟ್ಟ.

"ಸ್ವಲ್ಪ ಹೊತ್ತು," ಎಂದ. "ಸ್ವಲ್ಪ ಹೊತ್ತು ಅಷ್ಟೇ."

ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಮೋಟವ್ವ ಅವನ ಎದುರು ಮಂಡಿಯೂರಿದಳು. ಮೊನ್ನೆ ಕೇಳದೆ ಬಿಟ್ಟದ್ದನ್ನು ಈಗ ಕೇಳಿದಳು.

"ಕಡಲಿನವರೆಗೆ ಒಂದೇ ಹಗಲಲ್ಲಿ ಹೋದೆಯಲ್ಲ ಸುಳಿಯಣ್ಣ, ಮರುದಿನ ಏನು ಮಾಡಿದೆ?"

"ಮರುದಿನ... ಮಲಗಿದೆ."

"ಅದರ ಮರುದಿನ?"

"ಅವತ್ತೂ."

"ಮಡುವಿಗೆ ವಾಪಸು ಬಂದೆಯಲ್ಲ, ಬರುವುದಕ್ಕೆ ಎಷ್ಟು ದಿನವಾಯಿತು?"

ಸುಳಿಯಣ್ಣ ತನ್ನ ಕಾಲನ್ನೇ ನೋಡುತ್ತ ಕೂತ. "ಎರಡು ತಿಂಗಳು," ಎಂದ ಕೊನೆಗೆ. "ಸೆಳೆತಕ್ಕೆ ಎದುರು ಅಲ್ಲವಾ. ದಡ ಹಿಡಿದುಕೊಂಡು, ನಿಂತು ನಿಂತು... ಅದನ್ನ ಯಾರೂ ಕೇಳಿರಲಿಲ್ಲ."

"ಹೋಗುವಾಗ?"

"ಹೋಗುವಾಗ ಏನು, ಅಂಗಾತ ಮಲಗಿ ಬಾಲ ಆಡಿಸಿದರೆ ಸಾಕು. ಹೊಳೆಯೇ..." ಅಷ್ಟು ಹೇಳಿದವನು ನಿಲ್ಲಿಸಿದ. ಅಷ್ಟು ವರ್ಷ ತಾನು ಹೇಳಿಕೊಂಡು ಬಂದ ಕತೆಯನ್ನು ಅವನು ಮೊದಲ ಸಲ ಪೂರ್ತಿ ಕೇಳಿಸಿಕೊಂಡಿದ್ದ.

"ಹೌದು. ಹತ್ತು ಹರದಾರಿ ಹೋದದ್ದು ಹೊಳೆ," ಎಂದಳು ಮೋಟವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು.

ಗುಂಡಕ್ಕ ಅಲ್ಲಿಯೇ ನಿಂತಿದ್ದಳು. ಮೋಡಗಲ್ಲಿನ ತುದಿ ಕಾಣುತ್ತಿತ್ತು. ಇನ್ನು ಅರ್ಧ ದಿನದ ದಾರಿ.

"ನಾನೊಬ್ಬಳೇ ಓಡಿ ಹೋಗಿ ಬರ್ತೀನಿ," ಎಂದಳು. "ನೀನು ಇವನ ಜತೆ ಇಲ್ಲೇ ಇರು ಮೋಟವ್ವ. ನನಗೆ ದಣಿವಾಗಿಲ್ಲ, ನೋಡು." ನೆಗೆದು ತೋರಿಸಿದಳು. ನಿಜಕ್ಕೂ ಅವಳಿಗೆ ದಣಿವಾಗಿರಲಿಲ್ಲ.

ಮೋಟವ್ವ ಕಾಲಬುಡದ ಮಣ್ಣನ್ನು ತೋರಿಸಿದಳು. ಅಲ್ಲಿ ಚಿರತೆಯ ಹೆಜ್ಜೆಯಿತ್ತು. ಅಂಚು ಇನ್ನೂ ಉದುರಿರದ, ಬೆಳಗಿನ ಹೆಜ್ಜೆ.

"ನೀನೊಬ್ಬಳೇ ಹೋದರೆ ನೀನು ಇರುವುದಿಲ್ಲ. ನಾನು ನಿನ್ನ ಜತೆ ಬಂದರೆ ಇವನು ಇರುವುದಿಲ್ಲ."

"ನನ್ನ ಬಿಟ್ಟು ಹೋಗಿ," ಎಂದ ಸುಳಿಯಣ್ಣ ಮೆಲ್ಲನೆ. "ನನ್ನದೇ ತಪ್ಪು. ಬಿಟ್ಟು ಹೋಗಿ."

"ಹಾಗೆ ಹೇಳುವುದು ಸುಲಭ ಮಾರಾಯ," ಎಂದಳು ಮೋಟವ್ವ. "ಹೇಳಿದವನನ್ನು ಬಿಟ್ಟು ಹೋಗುವುದು ಸುಲಭವಲ್ಲ."

ಮೂಡಣದಲ್ಲಿ ಮೋಡ ಕಟ್ಟುತ್ತಿತ್ತು. ಇವನನ್ನು ಹೊತ್ತು ಇಳಿಯಬಹುದು, ಹತ್ತಲಾಗದು. ಇಳಿದು ಹಳ್ಳದಲ್ಲಿ ಬಿಟ್ಟು ಮತ್ತೆ ಹತ್ತಿದರೆ ಮೋಡಗಲ್ಲು ಮುಟ್ಟುವುದು ನಾಳೆ ಸಂಜೆಗೆ. ಅಷ್ಟರಲ್ಲಿ ಹಿಂಗಾರು ಬಿದ್ದಿರುತ್ತದೆ. ಇದನ್ನು ಗುಂಡಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳೂ ಮೋಡವನ್ನೇ ನೋಡುತ್ತಿದ್ದಳು.

"ಆ ಬಂಡೆಯ ಮೇಲೆ ಒಂದು ಗಳಿಗೆ ನಿಂತು ಬರಲಾ?" ಎಂದು ಕೇಳಿದಳು.

"ನಿಂತು ಬಾ," ಎಂದಳು ಮೋಟವ್ವ.

ಗುಂಡಕ್ಕ ಬಂಡೆ ಹತ್ತಿದಳು. ಮುಂಗಾಲೆತ್ತಿ ನಿಂತಳು. ಮೋಡಗಲ್ಲಿನ ಈಚೆ ಪಕ್ಕೆ ದೂರದಲ್ಲಿ ನೀಲಿಯಾಗಿ, ಮಸುಕಾಗಿ ಕಾಣುತ್ತಿತ್ತು. ಅವಳು ಬಹಳ ಹೊತ್ತು ಕಣ್ಣು ಮಿಟುಕಿಸದೆ ನೋಡಿದಳು. ಗಾಳಿಗೆ ಕಿವಿಗಳು ಹಿಂದಕ್ಕೆ ಮಡಚುತ್ತಿದ್ದವು. ಆಮೇಲೆ ತಾನಾಗಿಯೇ ಇಳಿದು ಬಂದು, "ಹೋಗೋಣ" ಎಂದಳು.

ಸುಳಿಯಣ್ಣನಿಗೆ ನಡೆಯಲು ಆಗುತ್ತಿರಲಿಲ್ಲ. ಮೋಟವ್ವ ಅವನನ್ನು ಬೆನ್ನಿಗೆ ಹಾಕಿಕೊಂಡಳು. ನೆನೆದ ಮೂಟೆಯಷ್ಟು ಭಾರ. ಇಳಿಯುವಾಗ ಪ್ರತಿ ಹೆಜ್ಜೆಗೂ ಅವಳ ಮಂಡಿ ಕಿರುಗುಟ್ಟಿತು. ಗುಂಡಕ್ಕ ಮುಂದೆ ಮುಂದೆ ನಡೆದು, ಅಲುಗುವ ಕಲ್ಲು ಯಾವುದು, ಗಟ್ಟಿ ಕಲ್ಲು ಯಾವುದು ಎಂದು ಮುಟ್ಟಿ ನೋಡಿ ಹೇಳುತ್ತಿದ್ದಳು. ಹಳ್ಳದಲ್ಲಿ ಮಾತ್ರ ಸುಳಿಯಣ್ಣ ಬೆನ್ನಿನಿಂದಿಳಿದು, ಗುಂಡಕ್ಕನನ್ನು ಮತ್ತೆ ಈಚೆ ದಡಕ್ಕೆ ಮುಟ್ಟಿಸಿದ.

ಮೂರನೆಯ ದಿನ ಮಧ್ಯಾಹ್ನ ಕರಿಮಡುವಿನ ದಡದಲ್ಲಿ ಕಪ್ಪೆಗಳು ಸಾಲಾಗಿ ಕೂತು ಕಾಯುತ್ತಿದ್ದವು.

"ಬಂದರು, ಬಂದರು! ಸುಳಿಯಣ್ಣ, ಮೋಡಗಲ್ಲು ಹೇಗಿತ್ತು? ಹೂವು ಹೇಗಿತ್ತು?"

ಸುಳಿಯಣ್ಣ ಬಾಯಿ ತೆರೆದ. ಮಂಜು ಮುಸುಕಿತ್ತು ಎನ್ನಬಹುದಿತ್ತು. ಚಿರತೆ ಅಡ್ಡ ಬಂತು ಎನ್ನಬಹುದಿತ್ತು. ಕಪ್ಪೆಗಳು ನಂಬುತ್ತಿದ್ದವು, ಅವುಗಳಿಗೆ ಕೂಗಲು ಏನಾದರೂ ಸಿಕ್ಕರೆ ಸಾಕಿತ್ತು. ಅವನು ಗುಂಡಕ್ಕನ ಕಡೆಗೆ ನೋಡಿದ.

"ನನ್ನ ಕೈಲಿ ಆಗಲಿಲ್ಲ," ಎಂದ. "ನನ್ನಿಂದಾಗಿ ಇವಳೂ ನೋಡಲಿಲ್ಲ."

ಅವನು ಮೆಲ್ಲನೆ ನೀರಿಗೆ ಜಾರಿದ. ಸದ್ದೇ ಆಗಲಿಲ್ಲ.

ಮೋಟವ್ವ ಗುಂಡಕ್ಕನ ಪಕ್ಕ ಬಂದು ನಿಂತಳು. "ತಪ್ಪು ಅವನದೊಂದೇ ಅಲ್ಲ," ಎಂದಳು. "ಮೊನ್ನೆ ನಾನು ಮೂರೂ ಪ್ರಶ್ನೆ ಕೇಳಬೇಕಿತ್ತು. ಒಂದನ್ನೇ ಕೇಳಿ ಮಲಗಿದೆ. ಹಳ್ಳದಲ್ಲಾದರೂ ಬೇಡ ಎನ್ನಬೇಕಿತ್ತು."

ಹೋಗಲಿ ಬಿಡು ಎಂದು ಗುಂಡಕ್ಕ ಹೇಳುತ್ತಾಳೆ ಎಂದುಕೊಂಡಿದ್ದಳೋ ಏನೋ. ಗುಂಡಕ್ಕ ಹಾಗೆ ಹೇಳಲಿಲ್ಲ.

"ಹೌದು ಮೋಟವ್ವ," ಎಂದಳು. "ಕೇಳಬೇಕಿತ್ತು."

ಮೊದಲ ಹನಿ ಮಡುವಿಗೆ ಬಿತ್ತು. ಬೆಟ್ಟದ ತಲೆ ಆಗಲೇ ಮೋಡದೊಳಗೆ ಮುಚ್ಚಿಹೋಗಿತ್ತು. ಮುದುಕಿ ಕಪ್ಪೆಯೊಂದು ಮಾತ್ರ ದನಿ ತಗ್ಗಿಸಿ ಕೇಳಿತು.

"ಹಾಗಾದರೆ ನೀನು ಏನೂ ನೋಡಲಿಲ್ಲವಾ ಗುಂಡಕ್ಕ?"

"ನೀಲಿ ನೋಡಿದೆ," ಎಂದಳು ಗುಂಡಕ್ಕ. "ಅದು ಹೂವಿನ ನೀಲಿಯೋ, ದೂರದ ನೀಲಿಯೋ, ಅಷ್ಟು ದೂರದಿಂದ ತಿಳಿಯಲಿಲ್ಲ."

ಹೇಳಿ ಮೋಟವ್ವನ ಮುಖ ನೋಡಿದಳು.

ಗುರಿಗೆ ಬಿಡುವುದು ಮೋಡಗಲ್ಲಿನ ಆಚೆ ಇಳಿಜಾರಿನಲ್ಲಿ, ಈಚೆ ಪಕ್ಕೆಯಲ್ಲಿ ಬರೀ ಕಲ್ಲು ಎಂಬುದು ಎಂಟು ವರ್ಷ ಆ ದಾರಿ ತುಳಿದ ಮೋಟವ್ವನಿಗೆ ಗೊತ್ತಿತ್ತು. ಅವಳು ಏನನ್ನೂ ಹೇಳದೆ, ಮಳೆಗೆ ಅಡ್ಡವಾಗಿ ಗುಂಡಕ್ಕನ ಪಕ್ಕದಲ್ಲಿ ನಿಂತುಕೊಂಡಳು.

ನೀತಿ: ನಿನ್ನ ಕಾಲಿಗೆ ತಕ್ಕ ಬೆಟ್ಟವನ್ನು ಆರಿಸಿಕೋ, ಬಾಯಿಗೆ ತಕ್ಕ ಬೆಟ್ಟ ಹತ್ತಲು ಹೊರಟವನು ಜತೆಗೆ ಬಂದವರ ಬೆಟ್ಟವನ್ನೂ ಕಳೆಯುತ್ತಾನೆ.